ಹೆಸರು ಕರೆದರೆ ಓಗೊಡದ ಪ್ರಿಂಟರ್: ಮನೆಯ ನೆಟ್‌ವರ್ಕಿನಲ್ಲಿ ದೋಷ ಹುಡುಕುವ ಬಗೆ

ಇಂಟರ್ನೆಟ್ ಸರಾಗವಾಗಿ ಓಡುತ್ತಿದೆ, ಟಿವಿಯಲ್ಲಿ ಸಿನಿಮಾ ನಿಲ್ಲದೆ ಬರುತ್ತಿದೆ, ಪ್ರಿಂಟರಿನ ದೀಪವೂ ಉರಿಯುತ್ತಿದೆ. ಆದರೆ ಲ್ಯಾಪ್‌ಟಾಪಿನಲ್ಲಿ ಪ್ರಿಂಟರಿನ ಹೆಸರು ಕೊಟ್ಟರೆ ಅಂಥ ಸಾಧನವೇ ಇಲ್ಲ ಎನ್ನುತ್ತದೆ. ಮುಂಬೈಯ ಫ್ಲ್ಯಾಟುಗಳಲ್ಲಿ ಈ ದೂರು ಹೇಳಿದ ಕೂಡಲೇ ಕೇಬಲ್‌ನವರ ಹುಡುಗ ಸೂಚಿಸುವ ಮದ್ದು ಒಂದೇ: ಹೊಸ ರೂಟರ್ ತೆಗೆದುಕೊಳ್ಳಿ. ಅದನ್ನು ತಂದು ಜೋಡಿಸಿದ ಮೇಲೆ ತೊಂದರೆ ಇನ್ನಷ್ಟು ಗೋಜಲಾಗುವುದೇ ಹೆಚ್ಚು. ಯಾಕೆಂದು ಮುಂದೆ ಹೇಳುತ್ತೇನೆ. ದುಡ್ಡು ಬಿಚ್ಚುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಈ ಹೆಸರಿನ ವಿಳಾಸವನ್ನು ನಮ್ಮ ಲ್ಯಾಪ್‌ಟಾಪ್ ಯಾರ ಹತ್ತಿರ ವಿಚಾರಿಸಿತು? ಅದು ಗೊತ್ತಾದರೆ ದೋಷ ಎಲ್ಲಿದೆ ಎಂಬುದು ತಾನಾಗಿ ಹೊರಬೀಳುತ್ತದೆ.

ಆಜ್ಞೆಗಳನ್ನೂ ಸಾಧನಗಳ ಹೆಸರುಗಳನ್ನೂ ಇಲ್ಲಿ ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರಗಳನ್ನು ಬಳಸಬೇಕು, ‘ಡಾಟ್’ ಎಂದಿರುವಲ್ಲಿ ಚುಕ್ಕಿ ಹಾಕಬೇಕು, ‘ಪ್ರಿಂಟರ್’ ಎಂದಿರುವಲ್ಲಿ ನಿಮ್ಮ ಸಾಧನದ ಹೆಸರು ಕೊಡಬೇಕು.

ವಿಚಾರಿಸುವ ದಾರಿಗಳು

ಮನೆಯೊಳಗಿನ ಹೆಸರು ಹುಡುಕಲು ಮುಖ್ಯವಾಗಿ ಎರಡು ದಾರಿಗಳಿವೆ. ಚಾಳಿನ ಓಣಿಯಲ್ಲಿ ನಿಂತು ‘ಪ್ರಿಂಟರ್ ಯಾರು?’ ಎಂದು ಎಲ್ಲರಿಗೂ ಕೇಳುವಂತೆ ಕೂಗುವುದು ಒಂದು. ಗೇಟಿನ ವಾಚ್‌ಮನ್ ಬಳಿ ಇರುವ ರಿಜಿಸ್ಟರ್ ನೋಡುವುದು ಇನ್ನೊಂದು. ಮೊದಲನೆಯದು ಎಂಡಿಎನ್‌ಎಸ್. ‘ಡಾಟ್ ಲೋಕಲ್’ ಎಂದು ಮುಗಿಯುವ ಹೆಸರುಗಳು ಇದಕ್ಕೆ ಸೇರಿದವು. 2013ರಲ್ಲಿ ಆರ್‌ಎಫ್‌ಸಿ 6762 ಎಂಬ ದಾಖಲೆಯಲ್ಲಿ ಇದರ ನಿಯಮಗಳು ಪ್ರಕಟವಾದವು. ಪ್ರಶ್ನೆ 224.0.0.251 ಎಂಬ ಸಮೂಹ ವಿಳಾಸಕ್ಕೆ, ಯುಡಿಪಿ 5353ನೇ ಪೋರ್ಟಿನಲ್ಲಿ ಹೋಗುತ್ತದೆ. ಆ ಹೆಸರಿನ ಸಾಧನ ತಾನೇ ಉತ್ತರ ಕೊಡುತ್ತದೆ. ಈ ಕೂಗು ರೂಟರನ್ನು ದಾಟಿ ಇನ್ನೊಂದು ನೆಟ್‌ವರ್ಕಿಗೆ ಹೋಗುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಎರಡನೆಯದು ಮಾಮೂಲಿ ಡಿಎನ್‌ಎಸ್, ಅಂದರೆ ಹೆಸರು ಕೊಟ್ಟರೆ ವಿಳಾಸ ಹೇಳುವ ಸರ್ವರಿನ ವ್ಯವಸ್ಥೆ. ರೂಟರ್ ಪ್ರತಿ ಸಾಧನಕ್ಕೂ ಡಿಎಚ್‌ಸಿಪಿ ಮೂಲಕ ಐಪಿ ವಿಳಾಸ ಹಂಚುವಾಗ ಅದರ ಹೆಸರನ್ನೂ ಬರೆದುಕೊಂಡು, ಯಾರಾದರೂ ಕೇಳಿದರೆ ಹೇಳುತ್ತದೆ. ಒಳ್ಳೆಯ ರೂಟರುಗಳಲ್ಲಿ, ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ರೂಟರ್ ತಂತ್ರಾಂಶ ಹಾಕಿದವುಗಳಲ್ಲಿ, ಡಿಎನ್‌ಎಸ್‌ಮಾಸ್ಕ್ ಎಂಬ ತಂತ್ರಾಂಶ ಇದನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಕೇಬಲ್‌ನವರು ಗೋಡೆಗೆ ಹೊಡೆದು ಹೋಗುವ ಫೈಬರ್ ಡಬ್ಬಿಗಳಲ್ಲಿ ಎಷ್ಟೋ ಡಬ್ಬಿಗಳು ಹೆಸರನ್ನು ಪಟ್ಟಿಯಲ್ಲಿ ಮಾತ್ರ ತೋರಿಸುತ್ತವೆ, ಕೇಳಿದರೆ ಉತ್ತರ ಕೊಡುವುದಿಲ್ಲ.

ವಿಂಡೋಸ್‌ಗೆ ಇವೆರಡರ ಜೊತೆಗೆ ಹಳೆಯ ಎರಡು ಅಭ್ಯಾಸಗಳೂ ಇವೆ: ಎಲ್‌ಎಲ್‌ಎಂಎನ್‌ಆರ್ ಮತ್ತು ನೆಟ್‌ಬಯಾಸ್. ‘ಡಾಟ್ ಲೋಕಲ್’ನಂಥ ಬಾಲವಿಲ್ಲದ ಒಂಟಿ ಹೆಸರನ್ನು ಕೊಟ್ಟಾಗ ಅದು ಇವುಗಳನ್ನೂ ಒಂದು ಕೈ ನೋಡುತ್ತದೆ. ಹಾಗಾಗಿ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಸಿಕ್ಕ ಹೆಸರು ಫೋನಿನಲ್ಲಿ ಸಿಗದಿದ್ದರೆ ಅಚ್ಚರಿಪಡಬೇಕಾಗಿಲ್ಲ; ಅವೆರಡೂ ಒಂದೇ ಕಡೆ ವಿಚಾರಿಸಿರುವುದಿಲ್ಲ.

ಮೊದಲು ವಿಳಾಸ, ಆಮೇಲೆ ಹೆಸರು

ಹೆಸರನ್ನು ಪಕ್ಕಕ್ಕಿಟ್ಟು ಸಾಧನದ ಐಪಿ ವಿಳಾಸ ಹುಡುಕಿ. ಪ್ರಿಂಟರ್ ಆದರೆ ನೆಟ್‌ವರ್ಕ್ ಮಾಹಿತಿಯ ಪುಟವನ್ನು ತಾನೇ ಅಚ್ಚು ಮಾಡಿ ಕೊಡುತ್ತದೆ. ಮಾದರಿಗೆ ತಕ್ಕಂತೆ ಯಾವುದೋ ಗುಂಡಿಯನ್ನು ಒತ್ತಿ ಹಿಡಿಯಬೇಕು. ಆ ಪುಟವನ್ನು ಎಸೆಯಬೇಡಿ, ಪ್ರಿಂಟರಿನ ಬೆನ್ನಿಗೆ ಅಂಟಿಸಿ. ಆಮೇಲೆ ಲ್ಯಾಪ್‌ಟಾಪಿನ ವಿಳಾಸವನ್ನು ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ ‘ಐಪಿಕಾನ್ಫಿಗ್’ ಆಜ್ಞೆಯಿಂದ ನೋಡಿ. ಎರಡನ್ನೂ ಒಂದರ ಕೆಳಗೊಂದು ಬರೆಯಿರಿ. ಅಲ್ಲೇ ಕಾಣುವ ಸಬ್‌ನೆಟ್ ಮಾಸ್ಕ್ 255.255.255.0 ಆಗಿದ್ದರೆ ಮೊದಲ ಮೂರು ಸಂಖ್ಯೆಗಳು ಎರಡರಲ್ಲೂ ಒಂದೇ ಆಗಿರಬೇಕು. 192.168.1.23 ಮತ್ತು 192.168.1.40 ಒಂದೇ ನೆಟ್‌ವರ್ಕಿನವು. ಒಂದು 192.168.1.23, ಇನ್ನೊಂದು 192.168.0.105 ಆಗಿದ್ದರೆ ಮುಂದಿನ ಪರೀಕ್ಷೆಗಳನ್ನು ಬಿಟ್ಟು ನೇರವಾಗಿ ‘ಎರಡು ಡಬ್ಬಿಗಳ ಮನೆ’ ಭಾಗಕ್ಕೆ ಹೋಗಿ.

ವಿಳಾಸ 169.254 ಎಂದು ಶುರುವಾಗಿದ್ದರೆ ಆ ಸಾಧನಕ್ಕೆ ಯಾರೂ ವಿಳಾಸ ಕೊಟ್ಟಿಲ್ಲ, ಅದು ತಾನೇ ಒಂದನ್ನು ಹಾಕಿಕೊಂಡಿದೆ ಎಂದರ್ಥ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ಇದು ಸಾಮಾನ್ಯ: ಪ್ರಿಂಟರ್ ಚಕ್ಕನೆ ಎದ್ದು ವಿಳಾಸ ಕೇಳುವ ಹೊತ್ತಿಗೆ ಫೈಬರ್ ಡಬ್ಬಿ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ. ಡಬ್ಬಿಯ ದೀಪಗಳು ನೆಲೆಗೊಂಡ ಮೇಲೆ ಪ್ರಿಂಟರನ್ನು ಆರಿಸಿ ಮತ್ತೆ ಹಚ್ಚಿದರೆ ಸಾಕು.

ವಿಳಾಸ ಸರಿ ಇದ್ದರೆ ‘ಪಿಂಗ್’ ಮಾಡಿ, ಅಂದರೆ ಆ ಆಜ್ಞೆಯ ಮುಂದೆ ವಿಳಾಸ ಕೊಟ್ಟು, ಸಾಧನ ಉತ್ತರಿಸುತ್ತದೆಯೇ ನೋಡಿ. ಉತ್ತರ ಬರಲಿಲ್ಲವೆಂದು ಸಾಧನ ಸತ್ತಿದೆ ಎಂದು ತೀರ್ಮಾನಿಸಬೇಡಿ, ವಿಂಡೋಸ್‌ನ ಫೈರ್‌ವಾಲ್ ಪಿಂಗ್‌ಗೆ ಬಾಯಿ ಬಿಡದಂತೆ ತಡೆಯುವುದುಂಟು. ಪಿಂಗ್ ಆದ ಕೂಡಲೇ ‘ಎಆರ್‌ಪಿ -ಎ’ ಕೊಟ್ಟರೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಆ ವಿಳಾಸದ ಎದುರು ಹನ್ನೆರಡು ಅಂಕಿ-ಅಕ್ಷರಗಳ ಮ್ಯಾಕ್ ವಿಳಾಸ (ಯಂತ್ರದ ಸ್ವಂತ ಗುರುತು) ಕಂಡರೆ ಸಾಧನ ಜೀವಂತವಾಗಿದೆ, ನಿಮ್ಮ ನೆಟ್‌ವರ್ಕಿನಲ್ಲೇ ಇದೆ, ಮಾತಾಡಲು ಮಾತ್ರ ಒಪ್ಪುತ್ತಿಲ್ಲ. ಆ ಸಾಧನ ವಿಂಡೋಸ್ ಕಂಪ್ಯೂಟರ್ ಆಗಿದ್ದರೆ, ಅದರಲ್ಲಿ ನಿಮ್ಮ ವೈಫೈ ‘ಪಬ್ಲಿಕ್’ ಎಂದು ನಮೂದಾಗಿದೆಯೇ ನೋಡಿ. ಹಾಗಿದ್ದರೆ ‘ಪ್ರೈವೇಟ್’ ಎಂದು ಬದಲಿಸಿ. ಪಬ್ಲಿಕ್ ಎಂದಿದ್ದಷ್ಟು ಕಾಲ ವಿಂಡೋಸ್ ತನ್ನನ್ನು ತೋರಿಸಿಕೊಳ್ಳುವುದೂ ಇಲ್ಲ, ಅಕ್ಕಪಕ್ಕದವರನ್ನು ಹುಡುಕುವುದೂ ಇಲ್ಲ.

ಈಗ ಹೆಸರಿನ ಸರದಿ. ಮೊದಲು ‘ಪಿಂಗ್ ಪ್ರಿಂಟರ್ ಡಾಟ್ ಲೋಕಲ್’, ನಂತರ ಬಾಲವಿಲ್ಲದೆ ‘ಪಿಂಗ್ ಪ್ರಿಂಟರ್’, ಕೊನೆಗೆ ‘ಎನ್‌ಎಸ್‌ಲುಕಪ್ ಪ್ರಿಂಟರ್’. ಬಹಳ ಜನ ಎಡವುವುದು ಇಲ್ಲೇ. ಎನ್‌ಎಸ್‌ಲುಕಪ್ ಎಂಡಿಎನ್‌ಎಸ್ ಕಡೆ ತಲೆ ಹಾಕುವುದೇ ಇಲ್ಲ, ನೇರವಾಗಿ ಡಿಎನ್‌ಎಸ್ ಸರ್ವರಿನ ಬಾಗಿಲು ತಟ್ಟುತ್ತದೆ. ಲಿನಕ್ಸ್‌ನ ‘ಡಿಗ್’ ಆಜ್ಞೆಯೂ ಹಾಗೆಯೇ. ಆದ್ದರಿಂದ ಡಾಟ್ ಲೋಕಲ್ ಹೆಸರನ್ನು ಎನ್‌ಎಸ್‌ಲುಕಪ್‌ಗೆ ಕೊಟ್ಟು ‘ಇಲ್ಲ’ ಎಂಬ ಉತ್ತರ ಪಡೆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಲಿನಕ್ಸ್‌ನಲ್ಲಿ ‘ಗೆಟ್‌ಎಂಟ್ ಹೋಸ್ಟ್ಸ್’ ಬಳಸಿ. ಇತರ ತಂತ್ರಾಂಶಗಳು ಹೆಸರು ಹುಡುಕುವ ದಾರಿಯಲ್ಲೇ ಅದೂ ಹೋಗುತ್ತದೆ. ಅದು ಸೋತರೆ, ಲಿನಕ್ಸ್‌ನಲ್ಲಿ ಎಂಡಿಎನ್‌ಎಸ್ ಕೆಲಸ ಮಾಡುವ ಅವಾಹಿ ಸೇವೆ ನಡೆಯುತ್ತಿದೆಯೇ, ಎನ್‌ಎಸ್‌ಸ್ವಿಚ್ ಕಡತದ ಹೋಸ್ಟ್ಸ್ ಸಾಲಿನಲ್ಲಿ ಎಂಡಿಎನ್‌ಎಸ್ ಎಂಬುದು ಡಿಎನ್‌ಎಸ್‌ಗಿಂತ ಮುಂದೆ ಇದೆಯೇ ನೋಡಬೇಕು.

ಹಾಗೆಂದು ಎನ್‌ಎಸ್‌ಲುಕಪ್ ನಿರುಪಯುಕ್ತವಲ್ಲ. ಅದರ ಉತ್ತರಕ್ಕಿಂತ ತಲೆಯ ಸಾಲುಗಳು ಮುಖ್ಯ. ‘ಸರ್ವರ್’ ಎಂಬುದರ ಎದುರು ಯಾರ ವಿಳಾಸ ಇದೆ? ನಿಮ್ಮ ರೂಟರಿನದೋ, 8.8.8.8 ಎಂಬ ಗೂಗಲ್‌ನದೋ, ಅಥವಾ ಕೊಲನ್‌ಗಳಿಂದ ತುಂಬಿದ ಉದ್ದನೆಯ ಐಪಿವಿ6 ವಿಳಾಸವೋ? ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಈ ಸಾಲಿನಲ್ಲಿದೆ.

ಒಂದು ಸಣ್ಣ ಮಾತು. ಬ್ರೌಸರಿನಲ್ಲಿ ‘ಪ್ರಿಂಟರ್’ ಎಂದಷ್ಟೇ ಹೊಡೆದರೆ ಅದು ಹುಡುಕಾಟಕ್ಕೆ ಹೋಗಿ ಪ್ರಿಂಟರ್ ಮಾರುವವರ ಜಾಹೀರಾತು ತಂದು ಸುರಿಯುತ್ತದೆ. ಹೆಸರು ಶುರುವಾಗುವ ಮೊದಲು ‘ಎಚ್‌ಟಿಟಿಪಿ://’ ಸೇರಿಸಿ, ಇಲ್ಲವೇ ಕೊನೆಗೊಂದು ಓರೆಗೆರೆ ಹಾಕಿ ಪರೀಕ್ಷಿಸಿ.

ಎರಡು ಡಬ್ಬಿಗಳ ಮನೆ

ಮುಲುಂಡಿನಲ್ಲಿರುವ ಅಕ್ಕನ ಮನೆಯನ್ನೇ ತೆಗೆದುಕೊಳ್ಳಿ. ಫೈಬರ್ ಡಬ್ಬಿ ಮುಂಬಾಗಿಲಿನ ಮೇಲೆ, ಚಪ್ಪಲಿ ಗೂಡಿನ ನೆತ್ತಿಯಲ್ಲಿ. ನಡುವಿನ ಕಾಂಕ್ರೀಟ್ ತೊಲೆಗಳನ್ನು ದಾಟಿ ವೈಫೈ ಒಳಕೋಣೆಗೆ ಮುಟ್ಟುತ್ತಿರಲಿಲ್ಲವೆಂದು ಭಾವ ಅಂಗಡಿಯಿಂದ ಇನ್ನೊಂದು ರೂಟರ್ ತಂದು, ಡಬ್ಬಿಯಿಂದ ವೈರ್ ಎಳೆದು ಅದರ ವ್ಯಾನ್ ಪೋರ್ಟಿಗೆ (ಇಂಟರ್ನೆಟ್ ಒಳಬರುವ ಕಿಂಡಿಗೆ) ಚುಚ್ಚಿದ್ದರು. ಒಳಕೋಣೆಯಲ್ಲಿ ಇಂಟರ್ನೆಟ್ ಬಂತು, ಎಲ್ಲರಿಗೂ ಸಂತೋಷ. ಹಾಲ್‌ನಲ್ಲಿದ್ದ ಪ್ರಿಂಟರ್ ಹಳೆಯ ಡಬ್ಬಿಯ ವೈಫೈಗೆ ಅಂಟಿಕೊಂಡೇ ಉಳಿಯಿತು. ಭಾವ ಹೋಟೆಲಿನ ಲೆಕ್ಕ ಬರೆಯುವ ಲ್ಯಾಪ್‌ಟಾಪ್ ಮತ್ತು ಮನೆಯ ಫೋಟೋಗಳನ್ನು ತುಂಬಿಟ್ಟ ನ್ಯಾಸ್ ಡಬ್ಬಿ (ನೆಟ್‌ವರ್ಕಿಗೆ ಜೋಡಿಸಿದ ಕಡತಗಳ ಉಗ್ರಾಣ) ಹೊಸ ರೂಟರಿನ ಕೆಳಗೆ ಬಂದವು.

“ನಂಬರ್ ಹಾಕಿದರೆ ಪ್ರಿಂಟ್ ಬರುತ್ತದಲ್ಲ ಮಾರಾಯ, ಹೆಸರು ಹಾಕಿದರೆ ಯಾಕೆ ಬರುವುದಿಲ್ಲ?” ಎಂಬುದು ಭಾವನ ಪ್ರಶ್ನೆ. “ನನ್ನ ಫೋನಿನಲ್ಲಿ ಹಾಲ್‌ನಲ್ಲಿ ಕೂತರೆ ಫೋಟೋ ತೆರೆಯುವುದಿಲ್ಲ, ಮಲಗುವ ಕೋಣೆಗೆ ಹೋದರೆ ತೆರೆಯುತ್ತದೆ” ಎಂಬುದು ಅಕ್ಕನ ದೂರು. ಎರಡೂ ಒಂದೇ ರೋಗದ ಲಕ್ಷಣಗಳು. ಲ್ಯಾಪ್‌ಟಾಪಿನ ವಿಳಾಸ 192.168.0.105, ಪ್ರಿಂಟರಿನದು 192.168.1.23. ಹೊಸ ರೂಟರಿನ ಕಣ್ಣಿಗೆ ಹಾಲ್‌ನ ನೆಟ್‌ವರ್ಕ್ ಕೂಡ ‘ಹೊರಗಿನ ಇಂಟರ್ನೆಟ್’. ಒಳಗಿನವರು ಹೊರಗೆ ಹೋಗಲು ಅದು ಬಿಡುತ್ತದೆ, ಆದ್ದರಿಂದ ನಂಬರ್ ಹಾಕಿದರೆ ಲ್ಯಾಪ್‌ಟಾಪ್ ಪ್ರಿಂಟರನ್ನು ಮುಟ್ಟುತ್ತದೆ. ಹೊರಗಿನವರು ಒಳಗೆ ಬರಲು ಬಿಡುವುದಿಲ್ಲ, ಆದ್ದರಿಂದ ಹಾಲ್‌ನಿಂದ ನ್ಯಾಸ್ ಸಿಗುವುದಿಲ್ಲ. ಎಂಡಿಎನ್‌ಎಸ್ ಕೂಗಂತೂ ಯಾವ ದಿಕ್ಕಿಗೂ ದಾಟುವುದಿಲ್ಲ. ನಂಬರ್ ಒಂದು ದಿಕ್ಕಿನಿಂದ ಮಾತ್ರ ನಡೆಯುತ್ತಿದೆ, ಹೆಸರು ಎರಡೂ ದಿಕ್ಕಿನಿಂದ ಕೆಲಸ ಮಾಡುತ್ತಿಲ್ಲ ಎಂದಾದರೆ ಮನೆಯಲ್ಲಿ ಎರಡು ನೆಟ್‌ವರ್ಕುಗಳಿವೆ ಎಂದು ಕಣ್ಣು ಮುಚ್ಚಿ ಹೇಳಬಹುದು.

ಎರಡು ವೈಫೈಗಳಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟಿರುವ ಮನೆಗಳಲ್ಲಿ ಇದನ್ನು ಹಿಡಿಯುವುದು ಕಷ್ಟ. ಫೋನ್ ನಡೆದಾಡಿದಂತೆ ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ, ತೊಂದರೆ ಬಂದು ಹೋಗುತ್ತಿರುತ್ತದೆ, ಮನೆಯವರು ಪ್ರಿಂಟರನ್ನು ಬೈಯುತ್ತಾರೆ.

ಪರಿಹಾರ ಎರಡು ಬಗೆ. ಹೊಸ ರೂಟರಿನ ಸೆಟ್ಟಿಂಗ್‌ನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಎಂಬ ಆಯ್ಕೆ ಇದ್ದರೆ ಅದನ್ನು ಆರಿಸಿ. ಅದು ರೂಟರಿನ ಕೆಲಸ ಬಿಟ್ಟು ಬರೀ ವೈಫೈ ಬೀರುತ್ತದೆ, ಮನೆಯೆಲ್ಲ ಒಂದೇ ನೆಟ್‌ವರ್ಕ್ ಆಗುತ್ತದೆ. ಆ ಆಯ್ಕೆ ಇಲ್ಲದಿದ್ದರೆ ಕೈಯಿಂದ ಮಾಡಬೇಕು. ಲ್ಯಾಪ್‌ಟಾಪನ್ನು ವೈರಿನಿಂದ ಹೊಸ ರೂಟರಿಗೆ ಜೋಡಿಸಿ, ಅದರ ಲ್ಯಾನ್ ವಿಳಾಸವನ್ನು, ಅಂದರೆ ಮನೆಯೊಳಗಿನ ವಿಳಾಸವನ್ನು, ಡಬ್ಬಿಯ ಸಾಲಿನಲ್ಲೇ ಯಾರಿಗೂ ಹಂಚಿಕೆಯಾಗದ ಒಂದು ಸಂಖ್ಯೆಗೆ, ಉದಾಹರಣೆಗೆ 192.168.1.250ಕ್ಕೆ, ಬದಲಿಸಿ. ಅದರ ಡಿಎಚ್‌ಸಿಪಿಯನ್ನು ಆರಿಸಿ. ಕೊನೆಗೆ ಡಬ್ಬಿಯಿಂದ ಬಂದ ವೈರನ್ನು ವ್ಯಾನ್ ಪೋರ್ಟಿನಿಂದ ಕಿತ್ತು ಲ್ಯಾನ್ ಪೋರ್ಟಿಗೆ ಹಾಕಿ. ಈ ಅನುಕ್ರಮ ತಪ್ಪಬಾರದು. ಡಿಎಚ್‌ಸಿಪಿ ಆರಿಸುವ ಮೊದಲೇ ವೈರ್ ಬದಲಿಸಿದರೆ ಇಬ್ಬರು ವಿಳಾಸ ಹಂಚಲು ಶುರುಮಾಡುತ್ತಾರೆ, ಆಮೇಲೆ ಯಾವ ಸಾಧನ ಯಾರ ಮಾತು ಕೇಳಿತು ಎಂದು ಹುಡುಕುವುದೇ ಒಂದು ಕೆಲಸ. ಅಕ್ಕನ ಮನೆಯಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಆಯ್ಕೆಯೇ ಇತ್ತು. ಲ್ಯಾಪ್‌ಟಾಪಿಗೆ ಹೊಸ ವಿಳಾಸ ಸಿಕ್ಕಿದ ಕೂಡಲೇ ಪ್ರಿಂಟರ್ ಹೆಸರಿನೊಂದಿಗೆ ಪಟ್ಟಿಗೆ ಬಂತು.

ಎರಡನೆಯ ಬಗೆ ನನಗೆ ಹೆಚ್ಚು ಇಷ್ಟ. ಫೈಬರ್ ಡಬ್ಬಿಯ ವೈಫೈಯನ್ನೇ ಆರಿಸಿ, ಪ್ರಿಂಟರ್ ಸೇರಿದಂತೆ ಎಲ್ಲವನ್ನೂ ನಿಮ್ಮ ಸ್ವಂತ ರೂಟರಿನ ಕೆಳಗೆ ತರುವುದು. ಪ್ರಿಂಟರ್ ದೂರದಲ್ಲಿದ್ದರೆ ರೂಟರಿನ 2.4 ಗಿಗಾಹರ್ಟ್ಸ್ ವೈಫೈಗೆ ಸೇರಿಸಿ: ಅಗ್ಗದ ಪ್ರಿಂಟರುಗಳಿಗೆ ಅದು ಮಾತ್ರ ಗೊತ್ತು, ಅದು ಗೋಡೆಯನ್ನೂ 5 ಗಿಗಾಹರ್ಟ್ಸ್‌ಗಿಂತ ಚೆನ್ನಾಗಿ ದಾಟುತ್ತದೆ. ಈ ಬಗೆ ಇಷ್ಟವಾಗಲು ಕಾರಣ, ಡಬ್ಬಿಯ ಪಾಸ್‌ವರ್ಡ್ ಹೆಚ್ಚಾಗಿ ಕೇಬಲ್‌ನವರ ಕೈಯಲ್ಲಿರುತ್ತದೆ. ಅವರು ದೂರದಿಂದಲೇ ಅದರ ಸೆಟ್ಟಿಂಗ್ ಬದಲಿಸಬಲ್ಲರು, ನೀವು ಕಷ್ಟಪಟ್ಟು ಬರೆದ ಹೆಸರುಗಳು ಒಂದು ದಿನ ಹೇಳದೆ ಕೇಳದೆ ಅಳಿಸಿ ಹೋಗಬಹುದು. ಸ್ವಂತ ರೂಟರಿನಲ್ಲಿ ಆ ಭಯವಿಲ್ಲ.

ಒಂದೇ ರೂಟರ್ ಇದ್ದೂ ಇದೇ ಲಕ್ಷಣ ಕಂಡರೆ, ಸಾಧನ ಅತಿಥಿಗಳ ವೈಫೈಗೆ ಸೇರಿದೆಯೇ ನೋಡಿ. ಅತಿಥಿ ನೆಟ್‌ವರ್ಕಿನ ಕೆಲಸವೇ ಒಬ್ಬರಿಗೊಬ್ಬರು ಕಾಣದಂತೆ ಮಾಡುವುದು.

‘ಇರಲಿ’ ಎಂದು ಹಾಕಿದ ಎರಡನೆಯ ಡಿಎನ್‌ಎಸ್

ಹೆಸರು ಒಮ್ಮೆ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ. ಎರಡೂ ಸಾಧನಗಳು ಒಂದೇ ನೆಟ್‌ವರ್ಕಿನಲ್ಲಿವೆ. ಈ ಲಕ್ಷಣಕ್ಕೆ ನಾನು ಮೊದಲು ನೋಡುವುದು ಡಿಎಚ್‌ಸಿಪಿ ಸೆಟ್ಟಿಂಗಿನ ಡಿಎನ್‌ಎಸ್ ಸಾಲುಗಳನ್ನು. ಮೊದಲನೆಯದರಲ್ಲಿ ರೂಟರ್ ಅಥವಾ ಪೈ-ಹೋಲ್ (ಜಾಹೀರಾತು ತಡೆಯಲು ಮನೆಯೊಳಗೇ ಇಡುವ ಡಿಎನ್‌ಎಸ್ ಸರ್ವರ್) ಇರುತ್ತದೆ, ಎರಡನೆಯದರಲ್ಲಿ ‘ಅದು ಕೆಟ್ಟರೆ ಇರಲಿ’ ಎಂದು 8.8.8.8. ಎರಡನೆಯದನ್ನು ಮೊದಲನೆಯದು ಕೆಟ್ಟಾಗ ಮಾತ್ರ ಕೇಳುತ್ತಾರೆ ಎಂಬುದು ತಪ್ಪು ತಿಳಿವಳಿಕೆ. ಸಾಧನಗಳು ಯಾವುದನ್ನು ಬೇಕಾದರೂ ಕೇಳಬಹುದು. ನಿಮ್ಮ ಮನೆಯ ಪ್ರಿಂಟರ್ ಯಾವುದೆಂದು ಹೊರಗಿನ ಸರ್ವರಿಗೆ ಹೇಗೆ ಗೊತ್ತಿರಬೇಕು? ‘ಅಂಥ ಹೆಸರಿಲ್ಲ’ ಎನ್ನುತ್ತದೆ. ಇದನ್ನು ಸಾಧನ ವೈಫಲ್ಯವೆಂದು ತಿಳಿಯದೆ ಸರಿಯಾದ, ಅಂತಿಮ ಉತ್ತರವೆಂದು ಒಪ್ಪಿಕೊಂಡು, ಇನ್ನೊಬ್ಬರನ್ನು ಕೇಳದೆ ಸುಮ್ಮನಾಗುತ್ತದೆ.

ಅಷ್ಟೇ ಅಲ್ಲ, ಆ ‘ಇಲ್ಲ’ವನ್ನು ನೆನಪಿನಲ್ಲೂ ಇಟ್ಟುಕೊಳ್ಳುತ್ತದೆ. 1998ರ ಆರ್‌ಎಫ್‌ಸಿ 2308 ಇದಕ್ಕೆ ನಿಯಮ ಹಾಕಿಕೊಟ್ಟಿದೆ. ಡಿಎನ್‌ಎಸ್‌ನ ಬೇರಿನ ವಲಯದಲ್ಲಿ, ಅಂದರೆ ಬಾಲವಿಲ್ಲದ ಒಂಟಿ ಹೆಸರಿಗೆ ‘ಇಲ್ಲ’ ಎನ್ನುವ ತುತ್ತತುದಿಯ ಪಟ್ಟಿಯಲ್ಲಿ, ಈ ನಕಾರಾತ್ಮಕ ಉತ್ತರದ ಅವಧಿ 86,400 ಸೆಕೆಂಡು, ಅಂದರೆ ಇಡೀ ಒಂದು ದಿನ. ಲ್ಯಾಪ್‌ಟಾಪುಗಳು ಇದಕ್ಕಿಂತ ಬೇಗ ಮರೆಯುತ್ತವೆ, ನಡುವಿನ ಸರ್ವರುಗಳು ಮರೆಯಬೇಕೆಂದಿಲ್ಲ. ಆದ್ದರಿಂದ ಸೆಟ್ಟಿಂಗ್ ಸರಿಪಡಿಸಿದ ಮೇಲೆ ಹಳೆಯ ನೆನಪನ್ನು ಒರೆಸಿಯೇ ಪರೀಕ್ಷೆ ಮಾಡಿ: ವಿಂಡೋಸ್‌ನಲ್ಲಿ ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್’, ಫೋನಿನಲ್ಲಿ ಏರೋಪ್ಲೇನ್ ಮೋಡ್ ಹಾಕಿ ತೆಗೆಯುವುದು, ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯುವುದು. ಎರಡನೆಯ ಸಾಲನ್ನು ಖಾಲಿ ಬಿಡಿ, ಅಥವಾ ಮನೆಯ ಹೆಸರುಗಳೆಲ್ಲ ಗೊತ್ತಿರುವ ಇನ್ನೊಂದು ಸರ್ವರನ್ನು ಮನೆಯೊಳಗೇ ಇಡಿ.

ಎರಡನೆಯ ಸಾಲು ಖಾಲಿ ಇದ್ದರೂ ಎನ್‌ಎಸ್‌ಲುಕಪ್ ತಲೆಯಲ್ಲಿ ಐಪಿವಿ6 ವಿಳಾಸ ಕಂಡರೆ ಕಳ್ಳದಾರಿ ಇನ್ನೊಂದಿದೆ. ಫೈಬರ್ ಡಬ್ಬಿ ಐಪಿವಿ6ರ ರೂಟರ್ ಪ್ರಕಟಣೆಗಳ ಜೊತೆ ಡಿಎನ್‌ಎಸ್ ವಿಳಾಸವನ್ನೂ ಸಾರಬಲ್ಲದು. ನೀವು ಐಪಿವಿ4ರಲ್ಲಿ ಪೈ-ಹೋಲ್ ಹೊಂದಿಸಿ ನಿರಾಳವಾಗಿ ಕೂತಿರುತ್ತೀರಿ, ಫೋನುಗಳು ಮಾತ್ರ ಆ ಪ್ರಕಟಣೆ ಕೇಳಿ ಹೊರಗಿನವರನ್ನೇ ವಿಚಾರಿಸುತ್ತಿರುತ್ತವೆ. ಆ ಪ್ರಕಟಣೆಯಲ್ಲಿ ನಿಮ್ಮ ಸರ್ವರಿನ ಐಪಿವಿ6 ವಿಳಾಸ ಬರುವಂತೆ ಮಾಡಿ, ಇಲ್ಲವೇ ಅದರಿಂದ ಡಿಎನ್‌ಎಸ್ ತೆಗೆಸಿ.

ಫೋನ್ ಒಂದೇ ಹಟ ಮಾಡಿದರೆ

ಆಂಡ್ರಾಯ್ಡ್ 9ರಿಂದ ‘ಪ್ರೈವೇಟ್ ಡಿಎನ್‌ಎಸ್’ ಎಂಬ ಆಯ್ಕೆ ಇದೆ. ಅದರಲ್ಲಿ ಯಾವುದಾದರೂ ಸರ್ವರಿನ ಹೆಸರು ಬರೆದಿದ್ದರೆ, ಜಾಹೀರಾತು ತಡೆಯಲೆಂದು ಮನೆಯ ಹುಡುಗರು ಬರೆದಿರುತ್ತಾರೆ, ಆ ಫೋನ್ ನಿಮ್ಮ ರೂಟರನ್ನು ಹೆಸರಿಗಾಗಿ ಕೇಳುವುದೇ ಇಲ್ಲ. ‘ಆಟೋಮ್ಯಾಟಿಕ್’ ಎಂದು ಬದಲಿಸಿ ನೋಡಿ. ಕಚೇರಿಯ ವಿಪಿಎನ್ ಹಾಕಿಕೊಂಡ ಲ್ಯಾಪ್‌ಟಾಪಿಗೂ, ತನ್ನದೇ ಸುರಕ್ಷಿತ ಡಿಎನ್‌ಎಸ್ ಬಳಸುವ ಬ್ರೌಸರಿಗೂ ಇದೇ ಕಥೆ. ಡಾಟ್ ಲೋಕಲ್ ಹೆಸರು ಹಳೆಯ ಆಂಡ್ರಾಯ್ಡ್ ಬ್ರೌಸರುಗಳಿಗೆ ಅರ್ಥವಾಗುತ್ತಿರಲಿಲ್ಲ; ಆಂಡ್ರಾಯ್ಡ್ 12ರ ಕಾಲಕ್ಕೆ ಆ ಕೊರತೆ ನೀಗಿತು. ಐಫೋನಿನಲ್ಲಿ ಒಂದು ಆ್ಯಪ್‌ಗೆ ಮಾತ್ರ ಸಾಧನ ಸಿಗದಿದ್ದರೆ, ಐಒಎಸ್ 14ರಿಂದ ಬಂದ ‘ಲೋಕಲ್ ನೆಟ್‌ವರ್ಕ್’ ಅನುಮತಿಗೆ ಯಾರೋ ‘ಬೇಡ’ ಎಂದು ಒತ್ತಿದ್ದಾರೆ.

ವೈಫೈಯಲ್ಲಿ ಸಮೂಹ ಸಂದೇಶಗಳಿಗೆ ‘ತಲುಪಿತು’ ಎಂಬ ಮರುತ್ತರ ಇಲ್ಲ. ದಾರಿಯಲ್ಲಿ ಕಳೆದರೆ ಅವುಗಳನ್ನು ಮತ್ತೆ ಕಳಿಸುವುದೂ ಇಲ್ಲ. ನಿದ್ದೆಗೆ ಜಾರಿದ ಪ್ರಿಂಟರ್ ಎಂಡಿಎನ್‌ಎಸ್ ಕೂಗಿಗೆ ಓಗೊಡದಿರಲು ಇದೂ ಕಾರಣ. ಒಂದು ಗುಂಡಿ ಒತ್ತಿ ಎಬ್ಬಿಸಿದ ಕೂಡಲೇ ಹೆಸರು ಸಿಕ್ಕರೆ ಬೇರೇನನ್ನೂ ಕೆದಕಲು ಹೋಗಬೇಡಿ.

ಹೆಸರೇ ಬದಲಾಗಿದ್ದರೆ

ಒಂದೇ ಹೆಸರಿನ ಇಬ್ಬರು ಸಿಕ್ಕಿಬಿದ್ದರೆ ಎಂಡಿಎನ್‌ಎಸ್ ಒಬ್ಬರ ಹೆಸರು ಬದಲಿಸುತ್ತದೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ನಡೆಯುವ ಅವಾಹಿ, ಹೆಸರಿನ ಕೊನೆಗೆ ‘-2’ ಅಂಟಿಸಿ ಸುಮ್ಮನಾಗುತ್ತದೆ. ವೈರ್ ಮತ್ತು ವೈಫೈ ಎರಡರಲ್ಲೂ ಜೋಡಿಸಿದ ಪೈ ಕೆಲವೊಮ್ಮೆ ತನ್ನ ದನಿಯನ್ನೇ ಬೇರೆಯವರದೆಂದು ತಿಳಿದು ಹೀಗೆ ಮಾಡುತ್ತದೆ. ಹೆಸರು ಏಕಾಏಕಿ ಮಾಯವಾದರೆ ‘-2’ ಹಾಕಿ ಒಮ್ಮೆ ಪಿಂಗ್ ಮಾಡಿ. ಸಿಕ್ಕರೆ ಎರಡರಲ್ಲಿ ಒಂದು ಸಂಪರ್ಕ ತೆಗೆಯಿರಿ.

ವಿಂಡೋಸ್‌ನ ನೆಟ್‌ಬಯಾಸ್ ಹೆಸರಿಗೆ 15 ಅಕ್ಷರಗಳ ಮಿತಿ. ‘ದೊಡ್ಡಮನೆ-ಲ್ಯಾಪ್‌ಟಾಪ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ 16 ಆಗುತ್ತದೆ, ಕೊನೆಯ ಅಕ್ಷರ ಉದುರುತ್ತದೆ. ಹೋಸ್ಟ್ ಹೆಸರಿನಲ್ಲಿ ಅಕ್ಷರ, ಅಂಕಿ ಮತ್ತು ಅಡ್ಡಗೆರೆ ಮಾತ್ರ ಇರಲಿ, ಕೆಳಗೆರೆ ಬೇಡ. ಕನ್ನಡದಲ್ಲಿ ಹೆಸರಿಡುವ ಆಸೆಯಿದ್ದರೆ ಪ್ರಿಂಟರಿನ ಸೇವಾ ಹೆಸರಿಗೆ ಇಡಬಹುದು. ಪಟ್ಟಿಯಲ್ಲಿ ತೋರುವ ಆ ಹೆಸರು ಯುಟಿಎಫ್-8ರಲ್ಲಿ 63 ಬೈಟ್‌ವರೆಗೆ ಹೋಗಬಹುದು. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು, ಕಾಗುಣಿತ ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ‘ಅಪ್ಪನ ಪ್ರಿಂಟರ್’ 40 ಬೈಟಿನಲ್ಲಿ ಹಿಡಿಯುತ್ತದೆ.

ಬಾಲಕ್ಕೆ ಏನು ಹಾಕಬೇಕು ಎಂದು ಕೇಳುವವರಿಗೆ ನನ್ನ ಸಲಹೆ: ಡಾಟ್ ಲೋಕಲನ್ನು ಎಂಡಿಎನ್‌ಎಸ್‌ಗೇ ಬಿಟ್ಟುಬಿಡಿ, ರೂಟರಿನ ಡಿಎನ್‌ಎಸ್‌ನಲ್ಲಿ ಅದನ್ನು ಬಳಸಬೇಡಿ. ಮನೆಗೆಂದೇ 2018ರಲ್ಲಿ ‘ಹೋಮ್ ಡಾಟ್ ಆರ್ಪಾ’ವನ್ನು ಮೀಸಲಿಟ್ಟಿದ್ದಾರೆ. ಉದ್ದವಾಯಿತು ಎನಿಸಿದರೆ 2024ರಲ್ಲಿ, ಡೊಮೈನ್ ಹೆಸರುಗಳ ಉಸ್ತುವಾರಿ ನೋಡುವ ಐಕ್ಯಾನ್ ಸಂಸ್ಥೆ ಖಾಸಗಿ ಬಳಕೆಗೆ ಎತ್ತಿಟ್ಟ ‘ಡಾಟ್ ಇಂಟರ್ನಲ್’ ಇದೆ. ‘ಡಾಟ್ ಡೆವ್’ ಮಾತ್ರ ಬೇಡ; ಅದು ಗೂಗಲ್ ನಡೆಸುವ ನಿಜವಾದ ಡೊಮೈನ್, ಬ್ರೌಸರುಗಳು ಅದಕ್ಕೆ ಎಚ್‌ಟಿಟಿಪಿಎಸ್ ಅಲ್ಲದೆ ಬಾಗಿಲು ತೆರೆಯುವುದಿಲ್ಲ.

ರೂಟರಿನಲ್ಲಿ ಪ್ರಿಂಟರಿನ ಮ್ಯಾಕ್ ವಿಳಾಸಕ್ಕೆ ಒಂದು ಐಪಿಯನ್ನು ಕಾಯ್ದಿರಿಸಿ, ಆ ಐಪಿಗೆ ಹೆಸರು ಬರೆಯಿರಿ. ರೂಟರಿಗೆ ಹೆಸರು ಬರೆಯುವ ಸೌಲಭ್ಯವೇ ಇಲ್ಲದಿದ್ದರೆ ಲೆಕ್ಕ ಬರೆಯುವ ಒಂದು ಲ್ಯಾಪ್‌ಟಾಪಿನ ಹೋಸ್ಟ್ಸ್ ಕಡತದಲ್ಲಿ ಒಂದು ಸಾಲು ಸೇರಿಸಿದರೂ ನಡೆಯುತ್ತದೆ; ವಿಳಾಸ ಮೊದಲು, ನಡುವೆ ಖಾಲಿ ಜಾಗ, ಆಮೇಲೆ ಹೆಸರು. ವಿಂಡೋಸ್‌ನಲ್ಲಿ ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಮಾತ್ರ ಆ ಕಡತ ಉಳಿಸಲು ಬಿಡುತ್ತದೆ, ಮತ್ತು ಉಳಿಸುವಾಗ ಕೊನೆಗೆ ‘ಡಾಟ್ ಟಿಎಕ್ಸ್‌ಟಿ’ ಸೇರಿಕೊಳ್ಳದಂತೆ ನೋಡಿಕೊಳ್ಳಬೇಕು.